ಯಾವ ಸಿಲಿಕಾನ್ ಕಾರ್ಬೈಡ್ ಬೇಕು? ಮೊದಲು ಕಣಗಳ ನಡುವೆ ಏನಿದೆ ಅಂತ ನೋಡಿ

'ಸಿಲಿಕಾನ್ ಕಾರ್ಬೈಡ್ ಬಿಡಿಭಾಗ ಬೇಕು' ಅಂತ ಸುಮ್ನೆ ಬರೆದು ಕಳಿಸಿದರೆ ನಾಲ್ಕು ಕಡೆಯಿಂದ ನಾಲ್ಕು ಬೇರೆ ವಸ್ತುಗಳಿಗೆ ದರಪಟ್ಟಿ ಬರುತ್ತದೆ. ಸಿಲಿಕಾನ್ ಮತ್ತು ಕಾರ್ಬನ್ ಸೇರಿದ ಸೆರಾಮಿಕ್ ಇದು. ಎಲ್ಲವೂ ಬೂದುಗಪ್ಪು ಬಣ್ಣ, ಎಲ್ಲವೂ ಗಾಜನ್ನು ಗೀರುವಷ್ಟು ಗಟ್ಟಿ, ಎಲ್ಲದಕ್ಕೂ ಒಂದೇ ಹೆಸರು. ಆದರೆ ಬಿಸಿ ಕಾಸ್ಟಿಕ್ ಸೋಡಾದಲ್ಲಿ ಒಂದು ಆರಾಮಾಗಿ ಬಾಳುತ್ತದೆ, ಇನ್ನೊಂದರ ಮೈ ಕರಗಿ ತೂತು ಬೀಳುತ್ತದೆ. 1500 ಡಿಗ್ರಿ ಶಾಖದಲ್ಲಿ ಒಂದು ಗಟ್ಟಿಯಾಗಿ ನಿಲ್ಲುತ್ತದೆ, ಇನ್ನೊಂದು ಬೆವರಿ ಸೋರುತ್ತದೆ.

ಯಾಕೆ ಹೀಗೆ? ಇವೆಲ್ಲದರಲ್ಲೂ ಸಿಲಿಕಾನ್ ಕಾರ್ಬೈಡ್ ಕಣ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಕಣ ಮತ್ತು ಕಣದ ನಡುವಿನ ಜಾಗ. ಅಲ್ಲಿ ಸಿಲಿಕಾನ್ ಲೋಹ ಇದೆಯೋ, ಗಾಜಿನಂಥ ಆಕ್ಸೈಡ್ ಇದೆಯೋ, ಬರೀ ಗಾಳಿ ಇದೆಯೋ, ಅಥವಾ ಏನೂ ಇಲ್ಲವೋ ಅನ್ನುವುದೇ ಆ ವಸ್ತುವಿನ ಹಣೆಬರಹ. ನೀವು ಬಳಸುವ ಜಾಗದ ಶಾಖ, ರಾಸಾಯನಿಕ, ತಿಕ್ಕಾಟ ಮೊದಲು ಕೈ ಹಾಕುವುದು ಅಲ್ಲಿಗೇ. ಕ್ಯಾಟಲಾಗ್‌ನಲ್ಲಿ ಬಲ ಎಷ್ಟು ಅಂತ ನೋಡುವ ಮೊದಲು ಈ ಪ್ರಶ್ನೆ ಕೇಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಈ ಪುಡಿ ಯಾಕೆ ಇಷ್ಟು ಹಟಮಾರಿ

1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಜೇಡಿಮಣ್ಣು ಮತ್ತು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಗಾಲದ ಇಂಧನ) ಕಾಯಿಸುವಾಗ ಹೊಳೆಯುವ ಗಟ್ಟಿ ಹರಳುಗಳು ಸಿಕ್ಕವು. ಆತ ಅದಕ್ಕೆ ಕಾರ್ಬೊರಂಡಮ್ ಅಂತ ಹೆಸರಿಟ್ಟ. ಮುಂದೆ ಅದೇ ಬಗೆಯ ಕುಲುಮೆಯಲ್ಲಿ ಮರಳು ಮತ್ತು ಕೋಕ್ ಹಾಕಿ ಟನ್‌ಗಟ್ಟಲೆ ಮಾಡಲು ಶುರುಮಾಡಿದರು, ಇವತ್ತಿಗೂ ಬಹುಪಾಲು ಪುಡಿ ಬರುವುದು ಆ ದಾರಿಯಿಂದಲೇ. ಸಾಣೆಕಲ್ಲು, ಉಜ್ಜುಕಾಗದಕ್ಕೆ ಆ ಪುಡಿ ಸಾಕಿತ್ತು. ಆದರೆ ಅದಕ್ಕೆ ಆಕಾರ ಕೊಟ್ಟು, ಸುಡುವಾಗ ಒತ್ತಡ ಹಾಕದೆ, ರಂಧ್ರ ಹೆಚ್ಚುಕಡಿಮೆ ಇಲ್ಲದ ಗಟ್ಟಿ ವಸ್ತು ಮಾಡಲು ಇನ್ನೂ ಸುಮಾರು 80 ವರ್ಷ ಹಿಡಿಯಿತು.

ಕಾರಣ ಇದು. ಸಿಲಿಕಾನ್ ಮತ್ತು ಕಾರ್ಬನ್ ಪರಮಾಣುಗಳ ನಡುವಿನ ಬಂಧ ಬಹಳ ಬಿಗಿ, ಬಹುತೇಕ ಕೋವೇಲೆಂಟ್, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡು ಹಿಡಿದದ್ದು. ಪರಮಾಣು ತನ್ನ ಜಾಗ ಬಿಟ್ಟು ಅಲ್ಲಾಡುವುದೇ ಕಷ್ಟ. ಸಿಂಟರಿಂಗ್ ಅಂದರೆ ಪರಮಾಣುಗಳು ಹರಿದು ಬಂದು ಕಣಗಳ ನಡುವಿನ ಖಾಲಿ ಜಾಗ ತುಂಬುವುದು, ಅಲ್ವಾ? ಇಲ್ಲಿ ಅವು ಹರಿಯುವುದೇ ಇಲ್ಲ. ಜಾಸ್ತಿ ಕಾಯಿಸಿದರೆ ಕಣದ ಮೈಮೇಲೆ ಓಡಾಡುತ್ತವೆ ಅಥವಾ ಆವಿಯಾಗಿ ಪಕ್ಕದಲ್ಲಿ ಕೂರುತ್ತವೆ. ಕಣ ದಪ್ಪ ಆಗುತ್ತದೆ, ರಂಧ್ರ ಮಾತ್ರ ಹಾಗೇ ಉಳಿಯುತ್ತದೆ. ಕರಗಿಸಿ ಎರಕ ಹೊಯ್ಯೋಣ ಅಂದರೆ ಅದೂ ಆಗದು. ಸಾಮಾನ್ಯ ಒತ್ತಡದಲ್ಲಿ ಇದು ಕರಗುವ ಬದಲು ಬಿಡಿಬಿಡಿಯಾಗಿ ಆವಿಯಾಗುತ್ತದೆ.

ಈ ಹಟವನ್ನು ಮಣಿಸಲು ಜನ ಹಿಡಿದ ಬೇರೆ ಬೇರೆ ದಾರಿಗಳೇ ಇವತ್ತಿನ ಬೇರೆ ಬೇರೆ ದರ್ಜೆಗಳು.

ಮುಖ್ಯ ಪೈಪೋಟಿ: ಸಿಂಟರ್ಡ್ ಮತ್ತು ರಿಯಾಕ್ಷನ್ ಬಾಂಡೆಡ್

ಹೆಚ್ಚಿನವರು ಆಯ್ಕೆ ಮಾಡಬೇಕಾಗಿ ಬರುವುದು ಈ ಎರಡರ ನಡುವೆ. ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸಿಂಟರ್ಡ್ ದರ್ಜೆಯನ್ನು ಕ್ಯಾಟಲಾಗ್‌ಗಳಲ್ಲಿ ಎಸ್‌ಎಸ್‌ಐಸಿ ಅಂತ ಬರೆಯುತ್ತಾರೆ. 1970ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಸ್ವಾಂಟೆ ಪ್ರೊಹಾಜ್ಕಾ ಇದರ ಗುಟ್ಟು ಬಿಡಿಸಿದರು. ತುಂಬಾ ನಯವಾದ, ಒಂದು ಮೈಕ್ರಾನ್‌ಗಿಂತ ಸಣ್ಣ ಪುಡಿಗೆ ಶೇ 0.5ರ ಆಸುಪಾಸು ಬೋರಾನ್, ಜೊತೆಗೆ ಸ್ವಲ್ಪ ಕಾರ್ಬನ್. ಪ್ರತಿ ಕಣದ ಮೈಮೇಲೂ ತೆಳ್ಳಗೆ ಸಿಲಿಕಾ (ಸಿಲಿಕಾನ್ ಆಕ್ಸೈಡ್) ಪದರ ಇರುತ್ತದೆ, ಕಾರ್ಬನ್ ಅದನ್ನು ತಿಂದು ಹಾಕುತ್ತದೆ. ಬೋರಾನ್ ಕಣಗಳ ಗಡಿಯಲ್ಲಿ ಕೆಲಸ ಮಾಡಿ, ಪರಮಾಣುಗಳು ರಂಧ್ರದ ಕಡೆ ಸಾಗಲು ದಾರಿ ಮಾಡಿಕೊಡುತ್ತದೆ. ಒತ್ತಡ ಏನೂ ಬೇಡ. ಆರ್ಗಾನ್ ಅಥವಾ ನಿರ್ವಾತದಲ್ಲಿ 2000ದಿಂದ 2200 ಡಿಗ್ರಿ ಸೆಲ್ಸಿಯಸ್. ಕುಲುಮೆಯಿಂದ ಹೊರಬರುವಾಗ ರಂಧ್ರ ಶೇ 2ರಿಂದ 3ಕ್ಕೆ ಇಳಿದಿರುತ್ತದೆ, ಅದೂ ಒಂದಕ್ಕೊಂದು ಕೂಡಿಕೊಳ್ಳದ ಸಣ್ಣ ಸಣ್ಣ ಚುಕ್ಕೆ. ಕಣಗಳ ನಡುವೆ ಬೇರೆ ವಸ್ತು ಅಂತ ಹೇಳುವಂಥದ್ದು ಇಲ್ಲ. ಈ ದರ್ಜೆಯ ದೊಡ್ಡ ಆಸ್ತಿಯೇ ಅದು.

ಇದಕ್ಕೆ ತೆರುವ ಬೆಲೆ ಕುಗ್ಗುವಿಕೆ. ಒತ್ತಿದ ಪುಡಿ ಸುಟ್ಟ ಮೇಲೆ ಪ್ರತಿ ದಿಕ್ಕಿನಲ್ಲೂ ಶೇ 17ರಿಂದ 20ರಷ್ಟು ಕುಗ್ಗುತ್ತದೆ. 100 ಮಿಲಿಮೀಟರ್ ಇದ್ದದ್ದು ಸುಮಾರು 82 ಆಗುತ್ತದೆ. ಪುಡಿ ಎಲ್ಲ ಕಡೆ ಸಮವಾಗಿ ತುಂಬದಿದ್ದರೆ ಕುಗ್ಗುವುದೂ ಸಮ ಇರುವುದಿಲ್ಲ, ಭಾಗ ಸೊಟ್ಟ ಆಗುತ್ತದೆ. ಆಮೇಲೆ ಅಳತೆಗೆ ತರಲು ವಜ್ರದ ಚಕ್ರವೇ ಬೇಕು. ಗಂಟೆಗಟ್ಟಲೆ ಉಜ್ಜುವ ಕೆಲಸ ಅದು.

ರಿಯಾಕ್ಷನ್ ಬಾಂಡೆಡ್ ದಾರಿ ಜಾಣತನದ್ದು. ಆರ್‌ಬಿಎಸ್‌ಐಸಿ ಅಥವಾ ಎಸ್‌ಐಎಸ್‌ಐಸಿ ಅನ್ನುವ ಹೆಸರುಗಳು ಇದರವೇ. ಸಿಲಿಕಾನ್ ಕಾರ್ಬೈಡ್ ಕಣಗಳ ಜೊತೆ ಕಾರ್ಬನ್ ಬೆರೆಸಿ ಆಕಾರ ಕೊಡುತ್ತಾರೆ. ಅದನ್ನು 1450ರಿಂದ 1600 ಡಿಗ್ರಿಯಲ್ಲಿ ಕರಗಿದ ಸಿಲಿಕಾನ್‌ಗೆ ತಾಗಿಸಿದರೆ, ಬತ್ತಿ ಎಣ್ಣೆ ಹೀರಿದ ಹಾಗೆ ಇಡೀ ಭಾಗ ಸಿಲಿಕಾನ್ ಹೀರಿಕೊಳ್ಳುತ್ತದೆ. ಒಳಗೆ ಹೋದ ಸಿಲಿಕಾನ್ ಕಾರ್ಬನ್ ಜೊತೆ ಸೇರಿ ಹೊಸ ಸಿಲಿಕಾನ್ ಕಾರ್ಬೈಡ್ ಆಗಿ ಹಳೆಯ ಕಣಗಳನ್ನು ಬೆಸೆಯುತ್ತದೆ. ಮಿಕ್ಕ ಜಾಗ ಬರೀ ಸಿಲಿಕಾನ್‌ನಿಂದ ತುಂಬಿಕೊಳ್ಳುತ್ತದೆ. ಕುಗ್ಗುವಿಕೆ ಶೇ 1ಕ್ಕಿಂತ ಕಡಿಮೆ. ಉದ್ದನೆಯ ತೊಲೆ, ದೊಡ್ಡ ಬರ್ನರ್ ಕೊಳವೆ, ತಿರುವುಮುರುವಿನ ನಳಿಗೆ, ಏನು ಬೇಕಾದರೂ ಹೆಚ್ಚುಕಡಿಮೆ ಮೊದಲಿನ ಅಳತೆಯಲ್ಲೇ ಹೊರಗೆ ಬರುತ್ತದೆ. ಸಿಲಿಕಾನ್ ತಣ್ಣಗಾಗಿ ಗಟ್ಟಿಯಾಗುವಾಗ ಹಿಗ್ಗುವ ವಸ್ತು. ಹಾಗಾಗಿ ಮೈಮೇಲೆ ಸಣ್ಣ ಸಿಲಿಕಾನ್ ಹನಿಗಳು ಉಕ್ಕಿ ನಿಂತಿರುತ್ತವೆ, ಅವನ್ನು ಮರಳು ಹೊಡೆದು ತೆಗೆಯುತ್ತಾರೆ.

ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ರಿಯಾಕ್ಟರ್ ಇಂಧನದ ಕೆಲಸಕ್ಕಾಗಿ ಈ ವಿಧಾನವನ್ನು ಬೆಳೆಸಿತು. ಆಗ ಬಂದ ರೆಫೆಲ್ ಅನ್ನುವ ಹೆಸರು ಹಳೆಯ ಪುಸ್ತಕಗಳಲ್ಲಿ ಈಗಲೂ ಕಾಣುತ್ತದೆ.

ಈಗ ನಮ್ಮ ಪ್ರಶ್ನೆಗೆ ಬನ್ನಿ. ಈ ವಸ್ತುವಿನಲ್ಲಿ ಕಣಗಳ ನಡುವೆ ಏನಿದೆ? ಶೇ 8ರಿಂದ 20ರಷ್ಟು ಬಿಡಿ ಸಿಲಿಕಾನ್. ಅದು 1414 ಡಿಗ್ರಿಯಲ್ಲಿ ಕರಗುತ್ತದೆ, ಹಾಗಾಗಿ ಬಳಕೆಯ ಮಿತಿ 1350ರಿಂದ 1380. ಬಿಸಿ ಕ್ಷಾರಕ್ಕೆ ಸಿಕ್ಕರೆ ಸಿಲಿಕಾನ್ ಸೋಡಿಯಂ ಸಿಲಿಕೇಟ್ ಆಗಿ ಕರಗಿ ಹೋಗುತ್ತದೆ, ಹೈಡ್ರೋಜನ್ ಗುಳ್ಳೆ ಏಳುತ್ತದೆ. ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದ ಮಿಶ್ರಣವೂ ಅದನ್ನು ತಿನ್ನುತ್ತದೆ. ಉಳಿದ ಹೆಚ್ಚಿನ ಆಮ್ಲಗಳ ಮುಂದೆ ಇದು ಗಟ್ಟಿ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಕಾಸ್ಟಿಕ್ ಪಂಪಿನಲ್ಲಿ ಓಡಿದ ರಿಯಾಕ್ಷನ್ ಬಾಂಡೆಡ್ ಸೀಲ್ ಫೇಸ್ (ದ್ರವ ಸೋರದಂತೆ ಒಂದಕ್ಕೊಂದು ತಾಗಿ ಉಜ್ಜುವ ಎರಡು ಬಳೆಗಳಲ್ಲಿ ಒಂದರ ಮುಖ) ಒಂದನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಿ. ಹೊಸ ಫೇಸ್‌ನಲ್ಲಿ ಬೂದು ಕಣಗಳು, ಅವುಗಳ ನಡುವೆ ಕನ್ನಡಿಯ ಹಾಗೆ ಹೊಳೆಯುವ ಬಿಳಿ ತೇಪೆಗಳು ಕಾಣುತ್ತವೆ. ಆ ಬಿಳಿ ತೇಪೆಯೇ ಸಿಲಿಕಾನ್. ಓಡಿದ ಫೇಸ್‌ನಲ್ಲಿ ಬಿಳಿ ಇದ್ದ ಕಡೆಯೆಲ್ಲ ಕಪ್ಪು ಗುಂಡಿಗಳು. ಬೂದು ಕಣಗಳು ಹಾಗೇ ಇವೆ, ಅಂಚು ಕೂಡ ಮಾಸಿಲ್ಲ. ಆದರೆ ಆಸರೆ ತಪ್ಪಿದ ಕಣ ಕಿತ್ತು ಬಂದು ಎರಡು ಫೇಸ್‌ಗಳ ನಡುವೆ ಸಿಕ್ಕಿಕೊಂಡು ಗೀರು ಎಳೆದಿದೆ. ಸೀಲ್ ಸೋರಲು ಶುರುವಾಗುವುದು ಅಲ್ಲಿಂದ. ಸಿಲಿಕಾನ್ ಕಾರ್ಬೈಡ್ ಸೋತಿಲ್ಲ, ಅದನ್ನು ಹಿಡಿದಿದ್ದದ್ದು ಸೋತಿದೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಪಿಎಚ್ 11 ದಾಟುವ ದ್ರವ, ಅದರಲ್ಲೂ ಬಿಸಿ ಕ್ಷಾರ, ಅಥವಾ ಯಾವ ರಾಸಾಯನಿಕ ಬರುತ್ತದೆ ಅಂತ ಖಾತ್ರಿ ಇಲ್ಲದ ಪಂಪು, ಇವಕ್ಕೆ ಸಿಂಟರ್ಡ್ ತೆಗೆದುಕೊಳ್ಳಿ. ನೀರು, ಎಣ್ಣೆ, ಸಾಮಾನ್ಯ ಆಮ್ಲ, 1350 ಡಿಗ್ರಿಯೊಳಗಿನ ಕುಲುಮೆ, ದೊಡ್ಡ ಅಥವಾ ಜಟಿಲ ಆಕಾರ, ಇವಕ್ಕೆ ರಿಯಾಕ್ಷನ್ ಬಾಂಡೆಡ್ ಸಾಕು. ಸಾಕು ಅನ್ನುವುದಕ್ಕಿಂತ ಅದೇ ಮೇಲು. ಅಗತ್ಯವಿಲ್ಲದ ಕಡೆ ಸಿಂಟರ್ಡ್ ಹಾಕುವುದು ವಜ್ರದ ಚಕ್ರ ಸವೆಸುವ ಕೆಲಸ ಅಷ್ಟೇ. ಶಾಖ ಹರಿಸುವುದರಲ್ಲಿ ರಿಯಾಕ್ಷನ್ ಬಾಂಡೆಡ್ ಹಿಂದೆ ಬಿದ್ದಿಲ್ಲ, ಎಷ್ಟೋ ಸಲ ಸಿಂಟರ್ಡ್‌ಗಿಂತ ಮುಂದೆಯೇ ಇರುತ್ತದೆ.

ಬಲದ ಅಂಕಿ ನೋಡಿದರೆ ಸಿಂಟರ್ಡ್‌ಗೆ ಸುಮಾರು 350ರಿಂದ 450 ಮೆಗಾಪಾಸ್ಕಲ್, ರಿಯಾಕ್ಷನ್ ಬಾಂಡೆಡ್‌ಗೆ 250ರಿಂದ 350. ಕೋಣೆಯ ಬಿಸಿಯಲ್ಲಿ ಈ ಅಂತರ ಆಯ್ಕೆ ಬದಲಿಸುವಷ್ಟು ದೊಡ್ಡದಲ್ಲ. ಬಿಸಿ ಏರಿದಾಗ ಕಥೆ ಬೇರೆ. ಸಿಂಟರ್ಡ್ ತನ್ನ ಬಲವನ್ನು 1400 ಡಿಗ್ರಿ ದಾಟಿದರೂ ಉಳಿಸಿಕೊಳ್ಳುತ್ತದೆ, ಗಾಳಿಯಲ್ಲಿ 1600 ಡಿಗ್ರಿಯವರೆಗೂ ಕೆಲಸ ಮಾಡುತ್ತದೆ.

ಬಿರುಕಿನ ಭಯ ಜಾಸ್ತಿ ಇದ್ದರೆ: ಲಿಕ್ವಿಡ್ ಫೇಸ್ (ದ್ರವದ ನೆರವಿನ) ಸಿಂಟರ್ಡ್

ಸಿಂಟರ್ಡ್ ದರ್ಜೆಗೆ ಒಂದು ಕೊರತೆ ಇದೆ. ಬಿರುಕು ಹುಟ್ಟಿದರೆ ಅದನ್ನು ತಡೆಯುವವರು ಯಾರೂ ಇಲ್ಲ. ಕಣಗಳ ನಡುವೆ ಏನೂ ಇಲ್ಲದ್ದರಿಂದ ಬಿರುಕು ಕಣವನ್ನೇ ಸೀಳಿಕೊಂಡು ನೇರ ಹೋಗುತ್ತದೆ. ಬಿರುಕು ತಡೆಯುವ ಶಕ್ತಿಯನ್ನು ಅಳೆಯುವ ಅಂಕಿ 3ರಿಂದ 4ರ ಆಸುಪಾಸಿನಲ್ಲೇ ನಿಲ್ಲುತ್ತದೆ.

1982ರಲ್ಲಿ ಒಮೋರಿ ಮತ್ತು ತಾಕೆಯಿ ಅನ್ನುವ ಸಂಶೋಧಕರು ಬೋರಾನ್ ಬಿಟ್ಟು ಅಲ್ಯೂಮಿನಾ, ಇಟ್ರಿಯಾದಂಥ ಆಕ್ಸೈಡ್‌ಗಳನ್ನು ಬೆರೆಸುವ ದಾರಿ ತೋರಿಸಿದರು. ಈ ಆಕ್ಸೈಡ್‌ಗಳು 1850ರಿಂದ 2000 ಡಿಗ್ರಿಯ ನಡುವೆ ಕರಗಿ ದ್ರವವಾಗುತ್ತವೆ. ಆ ದ್ರವದ ಮೂಲಕ ಪರಮಾಣುಗಳು ಸುಲಭವಾಗಿ ಸಾಗುತ್ತವೆ. ತಣ್ಣಗಾದ ಮೇಲೆ ಕಣಗಳ ನಡುವೆ ಆಕ್ಸೈಡ್ ಪದರ ಉಳಿಯುತ್ತದೆ. ಬಿರುಕು ಬಂದರೆ ಈ ಪದರದ ಉದ್ದಕ್ಕೂ ಅಡ್ಡಾದಿಡ್ಡಿ ತಿರುಗಬೇಕಾಗುತ್ತದೆ, ದಾರಿಯಲ್ಲೇ ಅದರ ಶಕ್ತಿ ಮುಗಿಯುತ್ತದೆ. ಬಿರುಕು ತಡೆಯುವ ಅಂಕಿ 5, 6ಕ್ಕೆ ಏರುತ್ತದೆ. ಬಲವೂ 500 ಮೆಗಾಪಾಸ್ಕಲ್ ದಾಟಬಹುದು.

ಆದರೆ ಅದೇ ಪದರ ಬಿಸಿಯಲ್ಲಿ ಮೆತ್ತಗಾಗುತ್ತದೆ. 1000ದಿಂದ 1200 ಡಿಗ್ರಿ ದಾಟಿದ ಮೇಲೆ ಇದರ ಬಲ ಇಳಿಯುತ್ತಾ ಹೋಗುತ್ತದೆ. ಬಿಸಿ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಈ ಪದರವೇ ಮೊದಲ ತುತ್ತು. ತಯಾರಿಕೆಯಲ್ಲೂ ಒಂದು ತಲೆನೋವು ಇದೆ. ಅಷ್ಟು ಶಾಖದಲ್ಲಿ ಅಲ್ಯೂಮಿನಾ ಸಿಲಿಕಾನ್ ಕಾರ್ಬೈಡ್ ಜೊತೆ ಸೇರಿ ಅನಿಲಗಳಾಗಿ ಹಾರಿಹೋಗುತ್ತದೆ. ಭಾಗದ ತೂಕ ಇಳಿಯುತ್ತದೆ, ಹೊರಮೈ ಪೊಳ್ಳಾಗುತ್ತದೆ. ಅದಕ್ಕೇ ಭಾಗವನ್ನು ಪುಡಿಯೊಳಗೆ ಹೂತಿಟ್ಟು ಸುಡುತ್ತಾರೆ. ಒಳ್ಳೆ ತಯಾರಕ, ಸಾಧಾರಣ ತಯಾರಕ ಅನ್ನುವ ವ್ಯತ್ಯಾಸ ಈ ದರ್ಜೆಯಲ್ಲಿ ಎದ್ದು ಕಾಣುವುದು ಇದರಿಂದ.

ಪೆಟ್ಟು, ಕಂಪನ, ಅಂಚು ಒಡೆಯುವ ಭಯ ಇರುವ ಜಾಗಕ್ಕೆ, ಅದೂ 1000 ಡಿಗ್ರಿಯೊಳಗೆ, ಇದು ಒಳ್ಳೆ ಆಯ್ಕೆ. ಬೇರಿಂಗ್, ಕವಾಟದ ಭಾಗ, ಹೆಚ್ಚು ಒತ್ತಡದ ಸೀಲ್ ಇವೆಲ್ಲ ಇದರ ಕ್ಷೇತ್ರ.

ರಂಧ್ರ ಇರುವವುಗಳನ್ನು ಕೀಳಾಗಿ ನೋಡಬೇಡಿ

ರೀಕ್ರಿಸ್ಟಲೈಸ್ಡ್ ದರ್ಜೆಯನ್ನು 2200ರಿಂದ 2500 ಡಿಗ್ರಿಯಲ್ಲಿ ಸುಡುತ್ತಾರೆ. ಸಣ್ಣ ಕಣ ಆವಿಯಾಗಿ, ದೊಡ್ಡ ಕಣಗಳು ತಾಗುವ ಕತ್ತಿನಲ್ಲಿ ಕೂತು ಬೆಸುಗೆ ಹಾಕುತ್ತದೆ. ಮೊದಲೇ ಹೇಳಿದ ಹಟ ಇಲ್ಲಿ ಉಪಯೋಗಕ್ಕೆ ಬಂದಿದೆ ನೋಡಿ: ರಂಧ್ರ ಮುಚ್ಚುವುದಿಲ್ಲ, ಅಳತೆ ಕುಗ್ಗುವುದಿಲ್ಲ. ಶೇ 11ರಿಂದ 15ರಷ್ಟು ರಂಧ್ರ ಉಳಿಯುತ್ತದೆ. ಬಲ ಸುಮಾರು 100 ಮೆಗಾಪಾಸ್ಕಲ್ ಅಷ್ಟೇ. ಆದರೆ ಕಣಗಳ ನಡುವೆ ಗಾಳಿ ಮಾತ್ರ ಇರುವುದರಿಂದ ಕರಗಲು, ಮೆತ್ತಗಾಗಲು ಏನೂ ಇಲ್ಲ. 1600 ಡಿಗ್ರಿಯಲ್ಲೂ ಬಾಗದೆ ಹೊರೆ ಹೊರುತ್ತದೆ. ಪಿಂಗಾಣಿ ಸುಡುವ ಗೂಡುಗಳಲ್ಲಿ ಹಲಗೆ, ಕಂಬಗಳಾಗಿ ಇದು ದುಡಿಯುತ್ತದೆ.

ನೈಟ್ರೈಡ್ ಬಾಂಡೆಡ್ ದರ್ಜೆಯಲ್ಲಿ ಸಿಲಿಕಾನ್ ಪುಡಿ ಬೆರೆಸಿ ನೈಟ್ರೋಜನ್‌ನಲ್ಲಿ 1400 ಡಿಗ್ರಿಯ ಆಸುಪಾಸು ಸುಡುತ್ತಾರೆ. ಕಣಗಳ ನಡುವೆ ಸಿಲಿಕಾನ್ ನೈಟ್ರೈಡ್ ಬೆಳೆಯುತ್ತದೆ. ಕರಗಿದ ಅಲ್ಯೂಮಿನಿಯಂ ಇದಕ್ಕೆ ಸುಲಭವಾಗಿ ಅಂಟುವುದಿಲ್ಲ. ಅಲ್ಯೂಮಿನಿಯಂ ತಯಾರಿಸುವ ಸೆಲ್‌ಗಳ (ವಿದ್ಯುತ್ ಹರಿಸುವ ತೊಟ್ಟಿಗಳ) ಪಕ್ಕದ ಗೋಡೆಗೆ ಈ ಇಟ್ಟಿಗೆ ಹಾಕುವುದು ಅದಕ್ಕೇ. ಶಾಖ ಅಳೆಯುವ ತಂತಿಗೆ ಕವಚದ ಕೊಳವೆಯಾಗಿಯೂ ಬಳಸುತ್ತಾರೆ. ಮಿತಿ ಸುಮಾರು 1450 ಡಿಗ್ರಿ. ಜೇಡಿಮಣ್ಣು ಅಥವಾ ಆಕ್ಸೈಡ್‌ನಿಂದ ಬೆಸೆದ ಅಗ್ಗದ ದರ್ಜೆಯೂ ಇದೆ. ಕಡಿಮೆ ಹೊರೆಯ ಗೂಡಿನ ಹಲಗೆಗೆ ಸಾಕು, ಅದಕ್ಕಿಂತ ಮೇಲಿನ ಕೆಲಸ ಅದರಿಂದ ಬಯಸಬಾರದು.

ರಂಧ್ರದ ದರ್ಜೆಗಳಿಗೆ ಒಂದು ಎಚ್ಚರಿಕೆ. ಗಾಳಿ ಒಳಗೆ ಹೊಕ್ಕು ಒಳಮೈಯೂ ಆಕ್ಸಿಡೈಸ್ ಆಗುತ್ತದೆ. ಒಳಗೆ ಕೂಡಿದ ಸಿಲಿಕಾ ಕ್ರಿಸ್ಟೊಬಲೈಟ್ ರೂಪಕ್ಕೆ ಬರುತ್ತದೆ. ಅದು 200ರಿಂದ 270 ಡಿಗ್ರಿಯ ನಡುವೆ ಒಮ್ಮೆಲೇ ಗಾತ್ರ ಬದಲಿಸುತ್ತದೆ. ಹಾಗಾಗಿ ದಿನಾ ಬಿಸಿ ಮಾಡಿ ತಣ್ಣಗೆ ಮಾಡುವ ಗೂಡಿನಲ್ಲಿ ಹಳೆಯ ಹಲಗೆಗಳು ಒಡೆಯುವುದು ಹೆಚ್ಚಾಗಿ ಈ ಕೆಳಗಿನ ಶಾಖದಲ್ಲಿ. ಗೂಡು ಆರಿಸುವಾಗ ಆ ಹಂತದಲ್ಲಿ ನಿಧಾನ ಮಾಡಿದರೆ ಹಲಗೆಯ ಆಯಸ್ಸು ಹೆಚ್ಚುತ್ತದೆ.

ಡೀಸೆಲ್ ವಾಹನದ ಮಸಿ ಹಿಡಿಯುವ ಸೋಸುಕದಲ್ಲಿ ರಂಧ್ರವನ್ನು ಬೇಕಂತಲೇ ಶೇ 40ರ ಮೇಲಕ್ಕೆ ಏರಿಸುತ್ತಾರೆ. ಅಲ್ಲಿ ಇದರ ಎದುರಾಳಿ ಕಾರ್ಡಿಯರೈಟ್ ಅನ್ನುವ ಇನ್ನೊಂದು ಸೆರಾಮಿಕ್. ಸಿಲಿಕಾನ್ ಕಾರ್ಬೈಡ್ ಶಾಖವನ್ನು ಬೇಗ ಹರಡುತ್ತದೆ, ಮಸಿ ಸುಡುವಾಗ ಒಂದೇ ಕಡೆ ಕಾದು ಕರಗುವ ಅಪಾಯ ಕಡಿಮೆ. ಆದರೆ ಬಿಸಿಗೆ ಕಾರ್ಡಿಯರೈಟ್‌ಗಿಂತ ಜಾಸ್ತಿ ಹಿಗ್ಗುತ್ತದೆ. ಅದಕ್ಕೆ ಒಂದೇ ದೊಡ್ಡ ತುಂಡು ಮಾಡದೆ, ಸುಮಾರು 35 ಮಿಲಿಮೀಟರ್ ಚೌಕದ ಕಡ್ಡಿಗಳನ್ನು ಮೆತ್ತನೆಯ ಸಿಮೆಂಟಿನಿಂದ ಅಂಟಿಸಿ ಜೋಡಿಸುತ್ತಾರೆ.

ಒತ್ತಿ ಸುಟ್ಟದ್ದು, ಆವಿಯಿಂದ ಬೆಳೆಸಿದ್ದು

ಹಾಟ್ ಪ್ರೆಸಿಂಗ್, ಅಂದರೆ ಬಿಸಿಯಲ್ಲೇ ಒತ್ತುವುದು, ಹಳೆಯ ದಾರಿ. 1956ರಲ್ಲೇ ಅಲ್ಯೂಮಿನಿಯಂ, ಕಬ್ಬಿಣದಂಥವನ್ನು ಬೆರೆಸಿ, ಗ್ರಾಫೈಟ್ ಅಚ್ಚಿನಲ್ಲಿ ಒತ್ತಿ ಗಟ್ಟಿ ತುಂಡು ಮಾಡಿದ್ದರು. ರಂಧ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬಲ ಜಾಸ್ತಿ. ಆದರೆ ಬರುವುದು ಬಿಲ್ಲೆ, ಹಲಗೆಯಂಥ ಸರಳ ಆಕಾರ ಮಾತ್ರ. ರಕ್ಷಾಕವಚದ ಬಿಲ್ಲೆಗಳಿಗೆ ಅದು ಸರಿಹೊಂದುತ್ತದೆ. ಅಲ್ಲಿ ಬೋರಾನ್ ಕಾರ್ಬೈಡ್ ಇನ್ನೂ ಹಗುರ, ಅಲ್ಯೂಮಿನಾ ಅಗ್ಗ, ಸಿಲಿಕಾನ್ ಕಾರ್ಬೈಡ್ ನಡುವಿನದು.

ಆವಿಯಿಂದ ಬೆಳೆಸಿದ ಸಿವಿಡಿ ದರ್ಜೆಗೆ ಪುಡಿಯೂ ಬೇಡ, ಸಿಂಟರಿಂಗೂ ಬೇಡ. ಸಿಲಿಕಾನ್, ಕಾರ್ಬನ್ ಎರಡೂ ಇರುವ ಅನಿಲವನ್ನು ಕಾದ ಮೈಮೇಲೆ ಹರಿಸಿ ಪದರ ಪದರವಾಗಿ ಕೂಡಿಸುತ್ತಾರೆ. ಸಾಂದ್ರತೆ 3.21, ಅಂದರೆ ಸಿಲಿಕಾನ್ ಕಾರ್ಬೈಡ್‌ನ ಪೂರ್ತಿ ಸಾಂದ್ರತೆ. ಶುದ್ಧತೆ ಶೇ 99.999ರ ಆಚೆ. ಚಿಪ್ ತಯಾರಿಕೆಯ ಎಚ್ಚಿಂಗ್ (ಕೊರೆಯುವ) ಯಂತ್ರದಲ್ಲಿ ವೇಫರ್, ಅಂದರೆ ತೆಳು ಸಿಲಿಕಾನ್ ಬಿಲ್ಲೆಯ, ಸುತ್ತ ಕೂರುವ ಬಳೆಗಳು ಇದರಿಂದ ಆಗುತ್ತವೆ.

ಇಲ್ಲಿ ಸಿಂಟರ್ಡ್ ಯಾಕೆ ಸಾಲದು ಅನ್ನುವುದು ಗಮನಿಸಬೇಕಾದ ಮಾತು. ಅದರಲ್ಲಿ ಬೋರಾನ್ ಇದೆ. ಸಿಲಿಕಾನ್ ವೇಫರ್‌ಗೆ ಚೂರು ಬೋರಾನ್ ಸೇರಿದರೂ ಅದರ ವಿದ್ಯುತ್ ಗುಣ ಬದಲಾಗುತ್ತದೆ. ಪರಮಾಣು ರಿಯಾಕ್ಟರ್‌ನಲ್ಲೂ ಅದೇ ಬೋರಾನ್ ತೊಂದರೆ ಕೊಡುತ್ತದೆ, ಅದು ನ್ಯೂಟ್ರಾನ್‌ಗಳನ್ನು ನುಂಗುತ್ತದೆ. ಟ್ರೈಸೊ ಅನ್ನುವ ರಿಯಾಕ್ಟರ್ ಇಂಧನದ ಪುಟ್ಟ ಗೋಲಿಗಳ ಮೇಲೆ ಸುಮಾರು 35 ಮೈಕ್ರಾನ್ ದಪ್ಪದ ಸಿಲಿಕಾನ್ ಕಾರ್ಬೈಡ್ ಕವಚ ಇರುತ್ತದೆ, ಅದನ್ನೂ ಆವಿಯಿಂದಲೇ ಬೆಳೆಸುತ್ತಾರೆ. ಪಂಪಿನಲ್ಲಿ ಯಾರೂ ಲೆಕ್ಕಕ್ಕೆ ಇಡದ ಶೇ 0.5ರ ಬೋರಾನ್ ಈ ಎರಡು ಕಡೆ ಇಡೀ ಆಯ್ಕೆಯನ್ನೇ ತಿರುಗಿಸುತ್ತದೆ.

ಒಂದು ಕನ್ನಡಿಯ ಕಥೆ

ಸಿಂಟರ್ಡ್ ದರ್ಜೆಯ ಕುಗ್ಗುವಿಕೆ ದೊಡ್ಡ ಭಾಗಗಳಿಗೆ ಅಡ್ಡಿ, ಅದನ್ನು ಗೆದ್ದ ಉದಾಹರಣೆ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ. 2009ರ ಮೇ 14ರಂದು ಹಾರಿದ ಅದರ ಮುಖ್ಯ ಕನ್ನಡಿಯ ವ್ಯಾಸ 3.5 ಮೀಟರ್. ಇಷ್ಟು ದೊಡ್ಡದನ್ನು ಒಂದೇ ತುಂಡಾಗಿ ಸುಡದೆ, ಹೂವಿನ ಎಸಳಿನ ಆಕಾರದ 12 ತುಂಡುಗಳನ್ನು ಬೇರೆ ಬೇರೆ ಸಿಂಟರ್ ಮಾಡಿ, ಬ್ರೇಜಿಂಗ್ ಮಾಡಿ (ಕರಗಿಸಿದ ಬೆಸುಗೆಯಿಂದ ಅಂಟಿಸಿ) ಜೋಡಿಸಿದರು. ಆಮೇಲೆ ಉಜ್ಜಿ, ನಯ ಮಾಡಿ, ಅಲ್ಯೂಮಿನಿಯಂ ಲೇಪಿಸಿದರು.

ಗಾಜು ಬಿಟ್ಟು ಇದನ್ನೇ ಯಾಕೆ ಹಿಡಿದರು? ಬಿಗಿತ 400 ಗಿಗಾಪಾಸ್ಕಲ್‌ನ ಮೇಲೆ, ಉಕ್ಕಿನ ಎರಡರಷ್ಟು. ತೂಕ ಉಕ್ಕಿನ ಅರ್ಧಕ್ಕಿಂತ ಕಡಿಮೆ. ಬಿಸಿಗೆ ಹಿಗ್ಗುವುದು ಕಡಿಮೆ, ಶಾಖ ಬೇಗ ಹರಡುವುದರಿಂದ ಒಂದು ಕಡೆ ಬಿಸಿ ಒಂದು ಕಡೆ ತಣ್ಣಗೆ ಆಗಿ ಆಕಾರ ಕೆಡುವುದಿಲ್ಲ. ಒಂದೇ ವಸ್ತುವಿನಲ್ಲಿ ಈ ನಾಲ್ಕೂ ಸಿಗುವುದು ಅಪರೂಪ. ಇದನ್ನು ನೆನೆದಾಗಲೆಲ್ಲ ನನಗೆ ಈ ವಸ್ತುವಿನ ಮೇಲೆ ಗೌರವ ಹೆಚ್ಚುತ್ತದೆ.

ಯಾವ ದರ್ಜೆಯೂ ಸಲ್ಲದ ಜಾಗಗಳು

ಕೆಲವು ಕಡೆ ಸೋಲುವುದು ಕಣಗಳ ನಡುವಿನದ್ದಲ್ಲ, ಕಣವೇ. ಕರಗಿದ ಕಬ್ಬಿಣ, ಉಕ್ಕು ಸಿಲಿಕಾನ್ ಕಾರ್ಬೈಡನ್ನು ಕರಗಿಸಿಕೊಳ್ಳುತ್ತವೆ. ಕರಗಿದ ಕಾಸ್ಟಿಕ್‌ನಂಥ ಕ್ಷಾರಗಳಲ್ಲಿ ಸಿಂಟರ್ಡ್ ಕೂಡ ಉಳಿಯದು. ಆಮ್ಲಜನಕ ತುಂಬಾ ಕಡಿಮೆ ಇರುವ ಅತಿ ಬಿಸಿ ಜಾಗದಲ್ಲಿ ಕಾಪಾಡುವ ಸಿಲಿಕಾ ಪದರ ಕಟ್ಟುವುದೇ ಇಲ್ಲ, ವಸ್ತು ನೇರ ಸಿಲಿಕಾನ್ ಮೊನಾಕ್ಸೈಡ್ ಅನಿಲವಾಗಿ ಹೋಗುತ್ತದೆ. ಬಿಸಿ ನೀರಾವಿ ರಭಸದಿಂದ ಹರಿಯುವ ಗ್ಯಾಸ್ ಟರ್ಬೈನ್‌ನಲ್ಲಿ ಪದರ ಕಟ್ಟುತ್ತದೆ, ಆದರೆ ಆವಿ ಅದನ್ನು ಹೊತ್ತೊಯ್ಯುತ್ತದೆ. 2016ರಲ್ಲಿ ಸೇವೆಗೆ ಬಂದ ಲೀಪ್ ವಿಮಾನ ಎಂಜಿನ್‌ನಲ್ಲಿ ಸಿಲಿಕಾನ್ ಕಾರ್ಬೈಡ್ ಎಳೆಗಳಿಂದ ಬಲಪಡಿಸಿದ ಭಾಗಗಳಿವೆ. ಅಂಥ ಭಾಗಗಳಿಗೆ ಮೇಲೊಂದು ರಕ್ಷಣಾ ಲೇಪನ ಬೇಕೇ ಬೇಕು.

ಪೆಟ್ಟು ತಿನ್ನುವುದೇ ಮುಖ್ಯ ಕೆಲಸ ಆಗಿದ್ದರೆ ಸಿಲಿಕಾನ್ ನೈಟ್ರೈಡ್ ನೋಡಿ. ತೂಕದ ಚಿಂತೆ ಇಲ್ಲದಿದ್ದರೆ ಟಂಗ್‌ಸ್ಟನ್ ಕಾರ್ಬೈಡ್ ಇನ್ನೂ ಗಟ್ಟಿಮುಟ್ಟು. ಸವೆತ ಮಾತ್ರ, ಬಿಸಿ ಇಲ್ಲ, ಖರ್ಚು ಕಡಿಮೆ ಆಗಬೇಕು ಅಂದರೆ ಅಲ್ಯೂಮಿನಾ ಸಾಕು.

ಸೀಲ್ ಜೋಡಿಯ ಬಗ್ಗೆ ಒಂದು ಮಾತು

ಪಂಪಿನವರು ತುಂಬಾ ಕೇಳುವ ವಿಷಯ ಇದು. ಎರಡೂ ಕಡೆ ಸಿಲಿಕಾನ್ ಕಾರ್ಬೈಡ್ ಇರಬೇಕೇ, ಒಂದು ಕಡೆ ಕಾರ್ಬನ್ ಇರಬೇಕೇ? ದ್ರವದಲ್ಲಿ ಮರಳು, ಹರಳು, ಕೆಸರು ಇದ್ದರೆ ಎರಡೂ ಕಡೆ ಸಿಲಿಕಾನ್ ಕಾರ್ಬೈಡ್. ಮೆತ್ತನೆಯ ಕಾರ್ಬನ್ ಅಲ್ಲಿ ಬೇಗ ಸವೆಯುತ್ತದೆ. ದ್ರವ ಶುದ್ಧವಾಗಿದ್ದರೆ ಕಾರ್ಬನ್ ಜೊತೆಗಿನ ಜೋಡಿಯೇ ಲೇಸು. ಕಾರಣ, ಎರಡೂ ಗಟ್ಟಿ ಫೇಸ್‌ಗಳು ದ್ರವ ಇಲ್ಲದೆ ಸ್ವಲ್ಪ ಹೊತ್ತು ಓಡಿದರೂ ಕಿರುಚುತ್ತವೆ, ಕಾಯುತ್ತವೆ, ಬಿರುಕು ಬಿಡುತ್ತವೆ. ಕಾರ್ಬನ್ ತಾನೇ ಜಾರುವ ವಸ್ತು, ಆ ಕ್ಷಣವನ್ನು ದಾಟಿಸುತ್ತದೆ. ಕೆಸರೂ ಇದೆ, ಪಂಪು ಆಗಾಗ ಒಣಗುವುದೂ ಇದೆ ಅಂದರೆ ಒಳಗೆ ಗ್ರಾಫೈಟ್ ಬೆರೆಸಿದ ಸಿಂಟರ್ಡ್ ದರ್ಜೆ ಕೇಳಿ.

ಕ್ಯಾಟಲಾಗ್ ಓದುವಾಗ, ಸರಕು ಕೈಗೆ ಬಂದಾಗ

ಬಲ 400 ಮೆಗಾಪಾಸ್ಕಲ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 3 ಮಿಲಿಮೀಟರ್ ದಪ್ಪ, 4 ಮಿಲಿಮೀಟರ್ ಅಗಲದ ಸಣ್ಣ ಕಡ್ಡಿಯನ್ನು ಬಾಗಿಸಿ ಅಳೆದದ್ದು. ಸೆರಾಮಿಕ್ ಒಡೆಯುವುದು ಅದರಲ್ಲಿರುವ ಅತಿ ದೊಡ್ಡ ದೋಷದಿಂದ. ಭಾಗ ದೊಡ್ಡದಾದಷ್ಟೂ ದೊಡ್ಡ ದೋಷ ಇರುವ ಸಾಧ್ಯತೆ ಹೆಚ್ಚು. ತುಂಡಿನಿಂದ ತುಂಡಿಗೆ ಬಲ ಎಷ್ಟು ಏರುಪೇರಾಗುತ್ತದೆ ಅಂತ ಹೇಳುವುದು ವೀಬುಲ್ ಅಂಕಿ, ಅದು ಹೆಚ್ಚಿದ್ದಷ್ಟೂ ಏರುಪೇರು ಕಡಿಮೆ. ಆ ಅಂಕಿ 10 ಇರುವ ವಸ್ತುವಿನಲ್ಲಿ ಹೊರೆ ಬೀಳುವ ಗಾತ್ರ 1000 ಪಟ್ಟು ಹೆಚ್ಚಾದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬಲದ ಜೊತೆ ವೀಬುಲ್ ಅಂಕಿಯನ್ನೂ ಕೇಳಿ ಪಡೆಯಿರಿ. ಅದನ್ನು ಕೊಡದವರ 400ಕ್ಕಿಂತ, ಕೊಟ್ಟವರ 350 ನನಗೆ ಹೆಚ್ಚು ನಂಬಿಕೆಯ ಅಂಕಿ.

ವಿಚಾರಣೆ ಕಳಿಸುವಾಗ ದರ್ಜೆಯ ಹೆಸರಿನ ಜೊತೆ ದ್ರವ ಯಾವುದು, ಪಿಎಚ್ ಎಷ್ಟು, ಶಾಖ ಎಷ್ಟು, ಗಾಳಿಯಲ್ಲೋ ಅಲ್ಲವೋ, ದಿನಕ್ಕೆ ಎಷ್ಟು ಸಲ ಬಿಸಿ ತಣ್ಣಗಾಗುತ್ತದೆ ಅಂತಲೂ ಬರೆಯಿರಿ. ಚೂಪು ಮೂಲೆಗಳನ್ನು ನಕ್ಷೆಯಲ್ಲೇ ದುಂಡಗೆ ಮಾಡಿ. ಲೋಹದ ಕವಚದಲ್ಲಿ ಕೂರಿಸುವುದಾದರೆ ಬಿಸಿಗೆ ಉಕ್ಕು ಇದಕ್ಕಿಂತ ಎರಡೂವರೆ, ಮೂರು ಪಟ್ಟು ಹಿಗ್ಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಿಂಟರ್ಡ್ ಕೇಳಿದ್ದಕ್ಕೆ ರಿಯಾಕ್ಷನ್ ಬಾಂಡೆಡ್ ಬಂದಿದೆಯೇ ಅನ್ನುವ ಅನುಮಾನ ಬಂದರೆ, ಮೊದಲು ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆ ಲೆಕ್ಕ ಹಾಕಿ. ಸಿಂಟರ್ಡ್ ಸಾಮಾನ್ಯವಾಗಿ 3.10ರಿಂದ 3.18, ರಿಯಾಕ್ಷನ್ ಬಾಂಡೆಡ್ 3.02ರಿಂದ 3.10. ಅಂಕಿ ಗಡಿಯಲ್ಲಿ ಬಂದು ತೀರ್ಮಾನ ಆಗದಿದ್ದರೆ ಒಂದು ತುಂಡನ್ನು ನಯವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಹೊಳೆಯುವ ಬಿಳಿ ತೇಪೆಗಳು ಕಂಡರೆ ಸಿಲಿಕಾನ್ ಇದೆ ಅಂತಲೇ ಅರ್ಥ, ಆ ಸರಕನ್ನು ಕಾಸ್ಟಿಕ್ ಪಂಪಿಗೆ ಹಾಕದೆ ವಾಪಸ್ ಕಳಿಸಿ.